ನಾನು ತಿನ್ನದ ಬ್ಲ್ಯಾಕ್‌ಕರಂಟ್

ನಮ್ಮ ಕಡೆ 'ವೈನ್ಸ್' ಅಂತ ಬೋರ್ಡು ಹಾಕಿಕೊಂಡ ಅಂಗಡಿಯಲ್ಲಿ ಸುಲಭಕ್ಕೆ ಸಿಗದ ವಸ್ತು ಒಂದಿದ್ದರೆ ಅದು ವೈನ್. ರಮ್ಮು, ವಿಸ್ಕಿ, ಬ್ರಾಂದಿ, ಬಿಯರು ಎಲ್ಲ ಕೈಗೆಟುಕುವ ಹಾಗಿರುತ್ತವೆ. ವೈನ್ ಮಾತ್ರ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಟ್ಯೂಬ್‌ಲೈಟಿಗೆ ಆತುಕೊಂಡು, ಧೂಳು ಹೊದ್ದು ನಿಂತಿರುತ್ತದೆ. ಕೇಳಿದರೆ ಹುಡುಗ ಸ್ಟೂಲು ಹುಡುಕಬೇಕು. ಇಳಿಸಿದ ಮೇಲೆ ಅವನದು ಒಂದೇ ಪ್ರಶ್ನೆ: "ಸ್ವೀಟಾ ಮೇಡಂ, ಸ್ವೀಟ್ ಇಲ್ದಿರೋದಾ?" ಹನ್ನೆರಡು ವರ್ಷದಿಂದ ವೈನ್ ಕುಡಿಯುತ್ತಾ, ಕುಡಿದದ್ದನ್ನು ಒಂದು ರೂಲ್ಡ್ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಬಂದಿರುವ ನನಗೆ ಈಗೀಗ ಅನ್ನಿಸುತ್ತೆ, ಇಷ್ಟು ಉಪಯೋಗದ ಪ್ರಶ್ನೆಯನ್ನ ಯಾವ ದೊಡ್ಡ ಹೋಟೆಲಿನ ಟೇಸ್ಟಿಂಗಿನಲ್ಲೂ ಯಾರೂ ಕೇಳಿದ್ದಿಲ್ಲ.

ಟೇಸ್ಟಿಂಗ್ ಅಂದರೇನು ಅಂತ ನೋಡಿರದವರಿಗೆ ಹೇಳಿಬಿಡ್ತೀನಿ. ಬಿಳಿ ಬಟ್ಟೆ ಹಾಸಿದ ಮೇಜು, ಒಬ್ಬೊಬ್ಬರ ಮುಂದೆ ನಾಲ್ಕೈದು ಗ್ಲಾಸು, ಉಗುಳೋದಕ್ಕೊಂದು ಡಬ್ಬ. (ಯಾರೂ ಉಗುಳೋದಿಲ್ಲ. ದುಡ್ಡು ಕೊಟ್ಟಿದ್ದೀವಲ್ಲ!) ಕೋಟು ಹಾಕಿದವರೊಬ್ಬರು ಗ್ಲಾಸನ್ನು ಗರಗರ ತಿರುಗಿಸಿ, ಮೂಗನ್ನು ಒಳಗಿಟ್ಟು, ಕಣ್ಣು ಮುಚ್ಚಿ, "ಏನು ಸಿಗ್ತಾ ಇದೆ?" ಅಂತ ಕೇಳುತ್ತಾರೆ. ಮೊದಲ ಸಲ ಹೋದಾಗ ನನಗೆ ಸಿಕ್ಕಿದ್ದು ವೈನಿನ ವಾಸನೆ. ಪಕ್ಕದವರು "ಬ್ಲ್ಯಾಕ್‌ಕರಂಟ್" ಅಂದರು. ಅವರ ಪಕ್ಕದವರು "ಹೌದು, ಜೊತೆಗೆ ಸಿಗಾರ್ ಬಾಕ್ಸ್" ಅಂದರು. ನಾನೂ ತಲೆಯಾಡಿಸಿ ನೋಟ್‌ಬುಕ್ಕಿನಲ್ಲಿ 'ಬ್ಲ್ಯಾಕ್‌ಕರಂಟ್' ಅಂತ ಬರೆದುಕೊಂಡೆ. ಆ ಹಣ್ಣನ್ನ ನಾನು ಅವತ್ತಿನವರೆಗೂ ಕಂಡಿರಲಿಲ್ಲ, ಇವತ್ತಿನವರೆಗೂ ತಿಂದಿಲ್ಲ. ನನಗೆ ಗೊತ್ತಿರೋ ಬ್ಲ್ಯಾಕ್‌ಕರಂಟ್ ಅಂದರೆ ಮದುವೆ ಮನೆಯ ಐಸ್‌ಕ್ರೀಮು. ಅದರಲ್ಲಿ ಬಾಯಿಗೆ ಸಿಗುವ ಕಪ್ಪು ಚೂರುಗಳು ಬಹಳ ಸಲ ಒಣದ್ರಾಕ್ಷಿಯೇ ಅಂತ ನನ್ನ ಗುಮಾನಿ. ಅಂದರೆ ದ್ರಾಕ್ಷಿ ರಸದಲ್ಲಿ ದ್ರಾಕ್ಷಿಯ ವಾಸನೆ ಕಂಡುಹಿಡಿದು, ಅದಕ್ಕೊಂದು ಪರದೇಶಿ ಹೆಸರಿಟ್ಟು, ಅಷ್ಟಕ್ಕೆ ದುಡ್ಡೂ ಕೊಟ್ಟು ಮನೆಗೆ ಬಂದೆ.

ಇದನ್ನ ನಗೆಚಾಟಿಕೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಆಮೇಲೆ ಒಂದು ಘಟನೆ ನಡೀತು. ನಮ್ಮ ಮನೆಯವರ ಹುಟ್ಟುಹಬ್ಬಕ್ಕೆ ಅಂತ ಒಂದು ದುಬಾರಿ ಕೆಂಪು ವೈನ್ ತಂದಿದ್ದೆ. ಮೇ ತಿಂಗಳು. ಅಂಗಡಿಯ ಮೇಲ್ಗಡೆ ಹಲಗೆಯದೇ. ಗ್ಲಾಸಿಗೆ ಬಗ್ಗಿಸಿದರೆ ಬೇಯಿಸಿದ ಹಣ್ಣು, ಒಣದ್ರಾಕ್ಷಿ, ಬೆಲ್ಲದ ಪಾಕ, ಹೀಗೆ ಏನೇನೋ ವಾಸನೆ. ನೋಟ್‌ಬುಕ್ಕಿನ ಒಂದು ಪುಟ ತುಂಬಾ ಹೊಗಳಿದೆ. 'ಸಂಕೀರ್ಣ' ಅನ್ನೋ ಪದ ಮೂರು ಸಲ ಬಂದಿದೆ, ಈಗ ಎಣಿಸಿ ನೋಡಿದೆ. ಉಳಿದಿದ್ದನ್ನ ಮಾರನೇ ದಿನ ವೈನ್ ತಯಾರಿಕೆಯಲ್ಲೇ ಕೆಲಸ ಮಾಡುವ ಗೆಳತಿಗೆ ಕೊಟ್ಟೆ. ಅವಳು ಒಂದು ಗುಟುಕು ಬಾಯಿಗೆ ಹಾಕಿಕೊಂಡು, "ಇದು ಬೆಂದು ಹೋಗಿದೆ ಕಣೇ" ಅಂದಳು. ನಿಜಕ್ಕೂ ಬೆಂದಿತ್ತು. ವೈನ್ ಬಾಟಲಿ ವಾರಗಟ್ಟಲೆ ಸೆಕೆಯಲ್ಲಿ ನಿಂತರೆ ಹಣ್ಣಿನ ತಾಜಾತನವೆಲ್ಲ ಹೋಗಿ ಪಾಕದ ವಾಸನೆ ಉಳಿಯುತ್ತೆ. ಬಿರಡೆಯ ಬಾಟಲಿಯಾದರೆ ಬಿರಡೆ ಒಂಚೂರು ಮೇಲೆದ್ದಿರುತ್ತೆ, ಪಕ್ಕದಲ್ಲಿ ಅಂಟಂಟು ಇರುತ್ತೆ. ನಾನು ಅದನ್ನೂ ಗಮನಿಸಿರಲಿಲ್ಲ. ಕೆಟ್ಟುಹೋದ ಸಾರನ್ನ ಮೊದಲ ತುತ್ತಿಗೇ ಕಂಡುಹಿಡಿಯೋ ನಾಲಿಗೆ ನನ್ನದು. ಹಾಳಾದ ಹಾಲನ್ನ ಕಾಯಿಸೋ ಮುಂಚೆಯೇ ಹೇಳುತ್ತೆ ನನ್ನ ಮೂಗು. ಅದೇ ನಾಲಿಗೆ, ಅದೇ ಮೂಗು, ವೈನಿನ ಮುಂದೆ ಯಾಕೆ ಬಾಯಿ ಮುಚ್ಚಿಕೊಂಡವು?

ನನ್ನೊಬ್ಬಳ ಕಥೆಯಲ್ಲ ಅಂತ ಆಮೇಲೆ ಓದಿ ಸಮಾಧಾನ ಆಯ್ತು. ಫ್ರಾನ್ಸಿನ ಬೋರ್ಡೋದಲ್ಲಿ ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿಗೆ ಬಿಳಿ ವೈನಿಗೆ ರುಚಿಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರೆಲ್ಲ ಅದನ್ನು ಕೆಂಪು ವೈನಿಗೆ ಹೇಳುವ ಮಾತುಗಳಲ್ಲೇ ಬಣ್ಣಿಸಿದರು. ಆ ಸಂಶೋಧನೆ 2001ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದಲ್ಲಿ ರಾಬರ್ಟ್ ಹಾಜ್‌ಸನ್ ಅನ್ನೋರು ಅಲ್ಲಿನ ಸ್ಟೇಟ್ ಫೇರ್ ಸ್ಪರ್ಧೆಯ ತೀರ್ಪುಗಾರರಿಗೆ ಒಂದೇ ಬಾಟಲಿಯ ವೈನನ್ನ ಗೊತ್ತಾಗದ ಹಾಗೆ ಮೂರು ಸಲ ಕೊಟ್ಟು ನೋಡಿದರು. ಮೂರು ಸಲವೂ ಹತ್ತಿರ ಹತ್ತಿರದ ಅಂಕ ಕೊಟ್ಟವರು ನೂರಕ್ಕೆ ಹತ್ತು ಮಂದಿ. ಇದನ್ನೋದಿ "ನೋಡಿದ್ರಾ, ಎಲ್ಲಾ ಬೊಗಳೆ" ಅನ್ನೋರು ಇದ್ದಾರೆ. ನಾನು ಹಾಗೆ ಹೇಳೋಳಲ್ಲ. ಸಂಗೀತ ಕಚೇರಿಯಲ್ಲಿ ಅರ್ಧ ಜನಕ್ಕೆ ರಾಗ ಗೊತ್ತಾಗಲ್ಲ ಅಂದ ಮಾತ್ರಕ್ಕೆ ರಾಗವೇ ಇಲ್ಲ ಅಂತಲ್ಲವಲ್ಲ. ನನ್ನ ತಕರಾರು ಬೇರೆ. ಕಣ್ಣಿಗೆ ಕಂಡ ಬಣ್ಣ, ಲೇಬಲ್ಲಿನ ಮಾತು, ಕೋಟು ಹಾಕಿದವರ ದನಿ, ಇವೆಲ್ಲ ಮೂಗಿಗಿಂತ ಮೊದಲು ಮಾತಾಡಿಬಿಡುತ್ತವೆ. ಅದರ ಮೇಲೆ ನಾವು ಆಡೋ ಮಾತು ನಮ್ಮ ಬಾಯಿ ಕಂಡದ್ದೇ ಅಲ್ಲದಿದ್ದರೆ, ತಪ್ಪಾದಾಗ ತಪ್ಪು ಅಂತ ತಿಳಿಯೋದಾದರೂ ಹೇಗೆ? ಬ್ಲ್ಯಾಕ್‌ಕರಂಟ್ ಇಲ್ಲ ಅಂತ ನಾನು ಹೇಗೆ ಹೇಳಲಿ, ಇದ್ದರೆ ಹೇಗಿರುತ್ತೆ ಅಂತಲೇ ಗೊತ್ತಿಲ್ಲದವಳು?

ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆನ್ ನೋಬಲ್ ಎಂಬ ವಿಜ್ಞಾನಿ 1984ರಲ್ಲಿ ವೈನಿನ ವಾಸನೆಗಳ ಒಂದು ಚಕ್ರ ಮಾಡಿದರು. ಈಗ ಎಲ್ಲ ಟೇಸ್ಟಿಂಗಿನಲ್ಲೂ ಅದರ ಬಣ್ಣದ ಹಾಳೆ ಹಂಚುತ್ತಾರೆ. ಆದರೆ ಆ ಚಕ್ರದ ಜೊತೆ ಇದ್ದ ಅಸಲಿ ಕೆಲಸವನ್ನ ಯಾರೂ ಹೇಳಿಕೊಡೋದಿಲ್ಲ: ಒಂದು ಸಪ್ಪೆ ವೈನಿಗೆ ಲವಂಗದ ಚೂರು, ಇನ್ನೊಂದಕ್ಕೆ ದೊಣ್ಣೆಮೆಣಸಿನಕಾಯಿ, ಮತ್ತೊಂದಕ್ಕೆ ಕಾಳುಮೆಣಸು ಹಾಕಿಟ್ಟು ಮೂಸಿ ಮೂಸಿ ಮೂಗಿಗೆ ಪಾಠ ಮಾಡೋದು. ನಾನು ಅಡುಗೆಮನೆಯಲ್ಲಿ ಒಂದು ಭಾನುವಾರ ಇದನ್ನ ಮಾಡಿದೆ. ಅರ್ಧ ಬಾಟಲಿ ಹಾಳಾಯ್ತು, ಆದರೆ ಹನ್ನೆರಡು ವರ್ಷದಲ್ಲಿ ಕಲಿಯದ್ದನ್ನ ಒಂದು ಮಧ್ಯಾಹ್ನದಲ್ಲಿ ಕಲಿತೆ. ಶಿರಾಜ್ ವೈನಿನಲ್ಲಿ ಮೆಣಸಿನ ಘಾಟು ಬರುತ್ತೆ ಅಂತಾರಲ್ಲ, ಅದು ಉಪಮೆ ಅಲ್ಲವೇ ಅಲ್ಲ. ರೋಟಂಡೋನ್ ಅನ್ನೋ ಅಣು ಅದಕ್ಕೆ ಕಾರಣ ಅಂತ ಆಸ್ಟ್ರೇಲಿಯಾದವರು 2008ರಲ್ಲಿ ತೋರಿಸಿಕೊಟ್ಟರು. ನಮ್ಮ ಮಲೆನಾಡಿನ ಮೆಣಸಿನಲ್ಲಿರೋದೂ ಅದೇ. ಓಕ್ ಪೀಪಾಯಿಯಲ್ಲಿಟ್ಟ ವೈನಿನ ಲವಂಗದ ವಾಸನೆಯೂ ಹಾಗೇ, ಲವಂಗದ ಯೂಜಿನಾಲ್ ಸುಟ್ಟ ಓಕ್ ಮರದಲ್ಲೂ ಇದೆ. ಇಷ್ಟೆಲ್ಲ ನಮ್ಮ ಸಾಂಬಾರ ಡಬ್ಬದಲ್ಲೇ ಇರುವಾಗ ನಾನು ಸಿಗಾರ್ ಬಾಕ್ಸಿಗೆ ಎಲ್ಲಿಗೆ ಹೋಗಲಿ?

ಅದಕ್ಕಿಂತ ದೊಡ್ಡ ಆಸ್ತಿ ಒಂದಿದೆ ನಮ್ಮ ಹತ್ತಿರ. ಕೆಂಪು ವೈನ್ ಕುಡಿದಾಗ ನಾಲಿಗೆ, ಒಸಡು ಎಲ್ಲ ಒಣಗಿ ಹಿಡಿದಂತಾಗುತ್ತಲ್ಲ, ಟ್ಯಾನಿನ್ ಅಂತ ಅದಕ್ಕೆ ಇಂಗ್ಲಿಷಿನಲ್ಲಿ ರಸಾಯನಶಾಸ್ತ್ರದ ಹೆಸರು ಹೇಳುತ್ತಾರೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರೋದು. ನಮ್ಮಲ್ಲಿ ಮಕ್ಕಳಿಗೂ ಗೊತ್ತಿರೋ ಪದ ಇದೆ: ಒಗರು. ಆರು ರಸಗಳಲ್ಲಿ ಒಂದು. ಒಗರಿನಲ್ಲಿ ಎಷ್ಟು ಬಗೆ ನಮಗೆ ಗೊತ್ತು ನೋಡಿ! ಬಾಳೆಕಾಯಿಯ ಒಗರು ಬೆರಳನ್ನೂ ಬಿಡೋದಿಲ್ಲ. ನೆಲ್ಲಿಕಾಯಿಯದು ಮೇಲೊಂದು ಗುಟುಕು ನೀರು ಕುಡಿದರೆ ಸಿಹಿಯಾಗಿಬಿಡುತ್ತೆ. ನೇರಳೆಯದು ನಾಲಿಗೆಗೆ ಬಣ್ಣ ಬಳಿದು ಹೋಗುತ್ತೆ. ಹಸಿ ಅಡಿಕೆಯದು ಗಂಟಲು ಹಿಡಿಯುತ್ತೆ. ಮಲೆನಾಡಿನವರನ್ನ ಕೇಳಿ, ಅಡಿಕೆ ಬೇಯಿಸಿದ ಚೊಗರಿನ ಬಗ್ಗೆ ಹೇಳುತ್ತಾರೆ. ಇಷ್ಟು ಇಟ್ಟುಕೊಂಡೂ ನಾವು 'ಟ್ಯಾನಿನ್ಸ್ ಸಿಲ್ಕಿಯಾಗಿವೆ' ಅಂತ ಬರೀತೀವಿ. ರೇಷ್ಮೆ ಬಾಯಲ್ಲಿಟ್ಟುಕೊಂಡವರು ಯಾರು? ನಾನೀಗ ಬರೆಯೋದು 'ನೇರಳೆ ಒಗರು', 'ಬಾಳೆಕಾಯಿ ಒಗರು' ಅಂತ. ಓದಿದ ನಮ್ಮಕ್ಕನಿಗೆ ಯಾವುದನ್ನ ಕೊಳ್ಳಬೇಕು ಅಂತ ತಕ್ಷಣ ಗೊತ್ತಾಗುತ್ತೆ.

ಹಾಗೆಯೇ 'ಹಸಿ ವಾಸನೆ'. ಹಸಿ ವಾಸನೆ ಹೋಗೋವರೆಗೂ ಹುರಿಯಿರಿ ಅಂತ ಪ್ರತಿ ಅಡುಗೆ ಪುಸ್ತಕದಲ್ಲೂ ಇರುತ್ತಲ್ಲ, ಅದೇ. ಮಾಗದ ಹಣ್ಣಿನಿಂದ ಮಾಡಿದ ಕ್ಯಾಬರ್ನೆ ಕುಡಿದು ನೋಡಿ, ಹಸಿ ದೊಣ್ಣೆಮೆಣಸಿನಕಾಯಿ ಕಚ್ಚಿದ ಹಾಗಿರುತ್ತೆ. ಮತ್ತೆ 'ಮುಗ್ಗಲು'. ಬಿರಡೆ ಕೆಟ್ಟು ವೈನ್ ಹಾಳಾದಾಗ ಬರೋದು ಒದ್ದೆ ಗೋಣಿಚೀಲದ, ಮುಗ್ಗಲು ಅಕ್ಕಿಯ ವಾಸನೆ. ಈ ಪದಗಳೆಲ್ಲ ಬರೀ ವರ್ಣನೆ ಅಲ್ಲ, ಏನು ತಪ್ಪಾಗಿದೆ ಅಂತಲೂ ಹೇಳುತ್ತವೆ. ಬಾಟಲಿಯ ಹಿಂದಿನ ಲೇಬಲ್ಲುಗಳ ಮೇಲೆ ನನಗಿರೋ ಸಿಟ್ಟು ಇದೇ. ಹತ್ತು ಹಣ್ಣಿನ ಹೆಸರು ಹೇಳುತ್ತವೆ, ಅದರಲ್ಲಿ ಎಂಟು ನಮ್ಮ ಸಂತೆಗೆ ಬಂದವಲ್ಲ. ಹಣ್ಣು ಎಷ್ಟು ಮಾಗಿತ್ತು, ಸಿಹಿ ಎಷ್ಟು ಉಳಿಸಿದ್ದಾರೆ, ತಣ್ಣಗೆ ಕುಡಿಯಬೇಕೋ ಬೇಡವೋ, ಅದನ್ನ ಹೇಳೋದಿಲ್ಲ. 'ಕೊಠಡಿಯ ಉಷ್ಣತೆಯಲ್ಲಿ ಸೇವಿಸಿ' ಅಂತ ಇದ್ದರಂತೂ ದೇವರೇ ಗತಿ. ಯಾರ ಕೊಠಡಿ? ಕೆಂಪು ವೈನಿಗೆ ಬೇಕಾದ್ದು 16ರಿಂದ 18 ಡಿಗ್ರಿ. ಬೆಂಗಳೂರಿನ ಏಪ್ರಿಲ್ಲಿನಲ್ಲಿ ನಮ್ಮ ಹಾಲ್ ಮೂವತ್ತಕ್ಕೆ ಹತ್ತಿರ ಇರುತ್ತೆ, ಕಲಬುರಗಿಯವರ ಮಾತು ಬಿಡಿ. ಕೆಂಪು ವೈನನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ, ಯಾರೇನಂದರೂ ಅನ್ನಲಿ.

ಇನ್ನು ನನ್ನ ನೋಟ್‌ಬುಕ್ಕಿನ ಇತ್ತೀಚಿನ ಪುಟಗಳಿಂದ ಎರಡು ಮೂರು ಬಾಟಲಿ. ಎಲ್ಲ ಊಟದ ಜೊತೆ, ಏಕೆಂದರೆ ಖಾಲಿ ಮೇಜಿನ ಮುಂದೆ ಕೂತು ವೈನ್ ಕುಡಿಯುವ ಅಭ್ಯಾಸ ನಮ್ಮ ಮನೆಯಲ್ಲಿಲ್ಲ. ನಾಸಿಕ್ ಕಡೆಯ ಸೂಲಾದವರ ಸೊವಿನ್ಯೊ ಬ್ಲಾಂಕ್: ಹಸಿ ವಾಸನೆಯೇ, ಆದರೆ ಇಲ್ಲಿ ಅದು ದೋಷವಲ್ಲ, ಆ ದ್ರಾಕ್ಷಿಯ ಗುಣ. ಆಗತಾನೆ ಕೊಯ್ದ ಹುಲ್ಲು, ದೊಣ್ಣೆಮೆಣಸು, ನಿಂಬೆ ಸಿಪ್ಪೆ. ರಾಮನವಮಿಯ ಹೆಸರುಬೇಳೆ ಕೋಸಂಬರಿ ಮಿಕ್ಕಿತ್ತು, ಅದರ ಜೊತೆ ಕುಡಿದೆ. (ಹಬ್ಬದ ಮಾರನೇ ದಿನ, ಅತ್ತೆಯವರು ಓದುತ್ತಿದ್ದರೆ ಗಮನಿಸಬೇಕು.) ಕೊತ್ತಂಬರಿ ಸೊಪ್ಪು, ನಿಂಬೆಹುಳಿ, ತೆಂಗಿನತುರಿ, ಆ ವೈನು, ಒಂದಕ್ಕೊಂದು ಹೇಳಿ ಮಾಡಿಸಿದ ಹಾಗಿದ್ದವು. ಅವರದೇ ಶೆನಿನ್ ಬ್ಲಾಂಕ್ ತುಸು ಸಿಹಿ. ಅದನ್ನ ಗೇಲಿ ಮಾಡೋರು ಬಹಳ. ನನಗೆ ಅದು ಖಾರದ ಊಟಕ್ಕೆ ಬೇಕು. ಖಾರದ ಮೇಲೆ ಆಲ್ಕೋಹಾಲು ಬಿದ್ದರೆ ಉರಿ ಹೆಚ್ಚುತ್ತೆ, ಸಿಹಿ ಇದ್ದರೆ ಇಳಿಯುತ್ತೆ. ಆಂಧ್ರ ಊಟದ ಜೊತೆ ಗಟ್ಟಿ ಕೆಂಪು ವೈನ್ ಕುಡಿದು ಕಣ್ಣೀರು ಹಾಕಿದವಳ ಮಾತು ಇದು.

1988ರಲ್ಲಿ ಶುರುವಾದ ನಮ್ಮ ನಂದಿ ಬೆಟ್ಟದ ಬುಡದ ಗ್ರೋವರ್ ಅವರದು ಲಾ ರೆಸೆರ್ವ್. ಕ್ಯಾಬರ್ನೆ, ಶಿರಾಜ್ ಎರಡೂ ಸೇರಿಸಿ ಓಕ್ ಪೀಪಾಯಿಯಲ್ಲಿಟ್ಟದ್ದು. ಮಾಗಿದ ನೇರಳೆ, ಲವಂಗ, ಕಡೆಗೆ ಅಡಿಕೆಯ ಒಗರು. ಬರೀ ಕುಡಿದರೆ ಬಾಯಿ ಒಣಗುತ್ತೆ. ಮೆಣಸು ಜಾಸ್ತಿ ಹಾಕಿದ ಮಟನ್ ಚಾಪ್ಸ್ ಜೊತೆ ಕುಡಿದರೆ ಆ ಒಗರನ್ನ ಕೊಬ್ಬು ನುಂಗಿಹಾಕಿ, ವೈನ್ ಒಂದು ವಯಸ್ಸು ದೊಡ್ಡದಾದ ಹಾಗೆ ಮೆತ್ತಗಾಗುತ್ತೆ. ಹುಣಸೆಹುಳಿಯ ಸಾರಿನ ಜೊತೆ ಮಾತ್ರ ಯಾವ ವೈನೂ ಉಳಿಯೋದಿಲ್ಲ, ಪ್ರಯತ್ನವೂ ಬೇಡ. ಮುದ್ದೆ ಬಸ್ಸಾರಿನ ವಿಷಯಕ್ಕೆ ಬಂದರೆ, ಅಗಿಯದೆ ನುಂಗೋ ಊಟದಲ್ಲಿ ವೈನಿಗೆ ಬಾಯಲ್ಲಿ ಜಾಗವೇ ಇಲ್ಲ.

ಇಷ್ಟೆಲ್ಲ ಬರೆದು, ನನ್ನ ನಾಲಿಗೆ ನನಗೆ ವಾಪಸ್ಸು ಬಂತು ಅಂತ ಬೀಗುತ್ತಿದ್ದಾಗಲೇ ಮಾವ ಬಂದರು.

ನಮ್ಮ ತಾಯಿಯ ತಮ್ಮ. ದೊಡ್ಡಬಳ್ಳಾಪುರದ ಹತ್ತಿರ ಅವರದು ಎರಡು ಎಕರೆ ಬೆಂಗಳೂರು ಬ್ಲೂ ತೋಟ ಇತ್ತು. ಬೋರ್‌ವೆಲ್ಲು ಬತ್ತಿದ ಮೇಲೆ ಚಪ್ಪರ ಕಿತ್ತರು, ಕಲ್ಲುಕಂಬಗಳು ಇನ್ನೂ ನಿಂತಿವೆ. ಬೆಂಗಳೂರು ಬ್ಲೂ ಗೊತ್ತಲ್ಲ? ಬೀಜ ಇರೋ, ಸಿಪ್ಪೆ ದಪ್ಪನೆಯ, ಬಾಯಿಗಿಟ್ಟರೆ ಒಳಗಿನ ತಿರುಳು ಜಾರಿಬಿಡುವ ಕಪ್ಪು ದ್ರಾಕ್ಷಿ. ಗಾಡಿ ಬೀದಿಗೆ ಬಂದರೆ ಮನೆಯೊಳಗೆ ಘಮ ಬರುತ್ತೆ. ನಮ್ಮ ಕಡೆ ವರ್ಷಕ್ಕೆ ಎರಡು ಬೆಳೆ ತೆಗೀತಾರೆ. 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹಣ್ಣಾಗಿ ತಿನ್ನೋದಕ್ಕೆ, ಜ್ಯೂಸಿಗೆ, ಅಗ್ಗದ ಸಿಹಿ ವೈನಿಗೆ ಹೋಗುತ್ತೆ. ವೈನ್ ಬಲ್ಲವರಿಗೆ ಮಾತ್ರ ಇದರ ಹೆಸರೆತ್ತಿದರೆ ಆಗೋದಿಲ್ಲ. ಇದು ಅಮೆರಿಕದ ಲಬ್ರುಸ್ಕ ಜಾತಿಗೆ ಸೇರಿದ್ದು, ಕ್ಯಾಬರ್ನೆ, ಶಿರಾಜ್‌ಗಳ ಕುಲವಲ್ಲ. ಈ ಜಾತಿಯ ವಾಸನೆಗೆ ಅವರಿಟ್ಟ ಹೆಸರು 'ಫಾಕ್ಸಿ', ಅಂದರೆ ನರಿನಾತ. ಇದೇ ನಂಟಿನ ಇಸಾಬೆಲ್ಲಾ ದ್ರಾಕ್ಷಿಯ ವೈನನ್ನ ಫ್ರಾನ್ಸಿನವರು 1930ರ ದಶಕದಲ್ಲಿ ಕಾನೂನು ಮಾಡಿಯೇ ನಿಷೇಧಿಸಿದರು.

ಕಣ್ಣಿನ ಆಪರೇಷನ್ನಿಗೆ ಬಂದು ವಾರ ಇದ್ದ ಮಾವ ಊರಿಗೆ ಹೋಗೋ ಹಿಂದಿನ ರಾತ್ರಿ, "ನೀನು ವೈನು ಕುಡ್ದು ಬರೀತೀಯಂತಲ್ಲಮ್ಮ" ಅಂದರು. ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ಮಾವ ಕುಡಿಯದವರೇನಲ್ಲ, ಆದರೆ ಮನೆಯ ಹೆಣ್ಣುಮಕ್ಕಳ ಎದುರು ಕುಡಿದವರಲ್ಲ. ನಮ್ಮ ಮನೆಯವರೇ ಮುಂದಾಗಿ, "ನೀವೇ ಪರೀಕ್ಷೆ ಮಾಡಿ ಮಾವ" ಅಂತ ನಾಲ್ಕು ಬಾಟಲಿಗೆ ಪೇಪರು ಸುತ್ತಿ ತಂದಿಟ್ಟರು. ಅದರಲ್ಲೊಂದು, ಎದುರಿನ ಅಂಗಡಿಯಿಂದ ತಂದ, ಬೆಂಗಳೂರು ಬ್ಲೂದಿಂದ ಮಾಡಿದ ಸಿಹಿ ವೈನ್. ನನಗೂ ಹೇಳಿರಲಿಲ್ಲ.

ಮೂರನೇ ಗ್ಲಾಸಿಗೆ ಮೂಗಿಟ್ಟ ಕೂಡಲೇ ನನಗೆ ಗೊತ್ತಾಯಿತು. ಕೈ ತಾನಾಗಿ ನೋಟ್‌ಬುಕ್ಕಿನಲ್ಲಿ ಬರೆಯಿತು: 'ಫಾಕ್ಸಿ. ಅಗ್ಗದ್ದು. ಹತ್ತಕ್ಕೆ ಎರಡು.' ನರಿಯನ್ನ ನಾನು ಮೂಸಿದ್ದು ಯಾವಾಗ? ಬೇಸಗೆ ರಜೆಯಲ್ಲಿ ಇದೇ ಮಾವನ ಚಪ್ಪರದ ಕೆಳಗೆ, ಮಧ್ಯಾಹ್ನದ ಬಿಸಿಲಲ್ಲಿ ಮೂಗಿಗೆ ಅಡರುತ್ತಿದ್ದ ವಾಸನೆ ಇದು. ಆ ವಾಸನೆಗೆ ಕಾರಣ ಮೀಥೈಲ್ ಆಂಥ್ರಾನಿಲೇಟ್ ಅನ್ನೋ ಅಣು, ಅದು ಮಲ್ಲಿಗೆಯಲ್ಲೂ ಇದೆ ಅಂತ ಓದಿ ಗೊತ್ತಿದ್ದವಳು ನಾನು. ಬ್ಲ್ಯಾಕ್‌ಕರಂಟನ್ನ ಬಿಟ್ಟೆ ಅಂದುಕೊಂಡಿದ್ದೆ, ನರಿ ಒಳಗೇ ಕೂತಿತ್ತು.

ಮಾವ ಅದೇ ಗ್ಲಾಸನ್ನ ಮೂಸಿ, "ಇದು ನಮ್ದು" ಅಂದರು. ಒಂದು ಗುಟುಕು ಕುಡಿದು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಚೆನ್ನಾಗಿದೆ ಅನ್ನುತ್ತಾರೆ, ನಾನೂ ಹೂಂ ಅನ್ನಬೇಕು ಅಂತ ಸಿದ್ಧವಾಗಿದ್ದೆ.

"ಸಕ್ರೆ ಸುರಿದವ್ರೆ ಕಣಮ್ಮ. ಹಣ್ಣು ಮಾಗಿಲ್ಲ. ಬಣ್ಣ ತಿರುಗಿದ ತಕ್ಷಣ ಕುಯ್ಸವ್ರೆ. ಈ ಹಣ್ಣು ಒಂದೇ ಸಲ ಮಾಗಲ್ಲ ನೋಡು, ಒಂದೇ ಗೊನೇಲಿ ನಾಕು ಕಪ್ಪಗಿದ್ರೆ ನಾಕು ಹಸ್ರಾಗೇ ಇರ್ತವೆ. ಹತ್ತು ದಿನ ತಡೀಬೇಕು. ವ್ಯಾಪಾರದವ್ನು ತಡಿಯಲ್ಲ, ನಮ್ಗೂ ದುಡ್ಡಿನ ಅರ್ಜೆಂಟು. ಆ ಹುಳಿ ಮುಚ್ಚಕ್ಕೆ ಸಕ್ರೆ."

ಗ್ಲಾಸನ್ನ ಮತ್ತೆ ಕುಡಿದೆ. ಸಿಹಿಯನ್ನ ಪಕ್ಕಕ್ಕೆ ಸರಿಸಿ ನೋಡಿದರೆ ಕೆಳಗೆ ಹುಳಿ ಇತ್ತು, ಎಳೆ ಹುಣಸೆಕಾಯಿಯ ಹಸಿ ಹುಳಿ. ಅವರು ಹೇಳಿದ ಮೇಲೆ ಸ್ಪಷ್ಟವಾಗಿ ಇತ್ತು. ನಾನು ಓದಿದ ಯಾವ ವಿಮರ್ಶೆಯೂ, ನಾನು ಬರೆದ ಯಾವ ಪುಟವೂ, ಒಂದು ವೈನಿನ ಬಗ್ಗೆ ಇಷ್ಟು ಹೇಳಿರಲಿಲ್ಲ. ಅದರಲ್ಲಿ ಒಂದೇ ಒಂದು ಹಣ್ಣಿನ ಹೋಲಿಕೆ ಇರಲಿಲ್ಲ.

"ನೀನೇನು ಬರ್ದೆ?" ಅಂತ ಕೇಳಿದರು. ಮುಚ್ಚಿಡೋಕೆ ಹೋಗಲಿಲ್ಲ. ಇಂಗ್ಲಿಷಿನವರು ಈ ವಾಸನೆಗೆ ನರಿದು ಅಂತಾರೆ ಮಾವ, ನಾನೂ ಅದನ್ನೇ ಬರೆದೆ ಅಂದೆ. ಬೇಜಾರಾಗುತ್ತೆ ಅಂದುಕೊಂಡಿದ್ದೆ. ಮಾವ ಜೋರಾಗಿ ನಕ್ಕರು.

"ನರಿ ನಮ್ ತೋಟಕ್ಕೂ ಬರ್ತಿತ್ತಲ್ಲಮ್ಮ, ಮರ್ತೆಯಾ? ರಾತ್ರಿ ಕಾಯಕ್ಕೆ ಹೋಗ್ತಿದ್ವಿ. ಕಳ್ ನನ್ಮಗಂದು, ಮಾಗಿರೋ ಗೊನೆ ಬಿಟ್ಟು ಬೇರೇದು ಮುಟ್ಟುತ್ತಿರಲಿಲ್ಲ."

ಅವರು ಮಲಗಿದ ಮೇಲೆ ನೋಟ್‌ಬುಕ್ಕಿನ ಆ ಸಾಲು ಹೊಡೆದುಹಾಕಿ ಬೇರೆ ಬರೆದೆ: ಬೆಂಗಳೂರು ಬ್ಲೂ, ಸಿಹಿ. ಘಮ ಜೋರು, ಮಲ್ಲಿಗೆ ಮತ್ತು ಚಪ್ಪರ. ಹಣ್ಣು ಹತ್ತು ದಿನ ಮೊದಲೇ ಕೊಯ್ದದ್ದು, ಸಕ್ಕರೆಯಿಂದ ಮುಚ್ಚಿದ್ದು. ಊಟದ ಜೊತೆ ಬೇಡ, ಬೇಕಿದ್ದರೆ ತುಂಬಾ ತಣ್ಣಗೆ ಮಾಡಿ ಒಂದು ಚಿಕ್ಕ ಲೋಟ. ಅಂಕದ ಜಾಗದಲ್ಲಿ ಬಹಳ ಹೊತ್ತು ಪೆನ್ನು ಇಟ್ಟುಕೊಂಡು ಕೂತು ಮತ್ತೆ ಎರಡನ್ನೇ ಬರೆದೆ. ಆದರೆ ಈ ಸಲ ಆ ಎರಡು ವೈನ್ ಮಾಡಿದವರಿಗೆ, ಹಣ್ಣಿಗಲ್ಲ ಅಂತ ಪಕ್ಕದಲ್ಲಿ ಬರೆದಿಟ್ಟಿದ್ದೇನೆ. ಮಾಗಿದ ಬೆಂಗಳೂರು ಬ್ಲೂದಿಂದ, ಸಕ್ಕರೆ ಸುರಿಯದೆ ಯಾರಾದರೂ ವೈನ್ ಮಾಡಿದ್ದರೆ ಹೇಳಿ, ಬಾಟಲಿ ಹುಡುಕಿಕೊಂಡು ಹೋಗೋಕೆ ನಾನು ತಯಾರು. ಮಾವನನ್ನೂ ಕರೆದುಕೊಂಡು ಹೋಗ್ತೀನಿ.